ಒಂದೇ ಸೊಪ್ಪು, ಹತ್ತು ವೇಷ

ಪಿ.ಜಿ.ಯಲ್ಲಿದ್ದು ದುಡಿಯುವ, ತಟ್ಟೆ ಕಂಡರೆ ತಕರಾರು ತೆಗೆಯುವ ಯುವಜನರ ಊಟ ಸುಧಾರಿಸಬಹುದೇ? ಅದಕ್ಕೆ ನಾಲಿಗೆಯ ಜೊತೆ ಜಗಳವೇ ಬೇಕಿಲ್ಲ.

ಅಕ್ಕನ ಮಗ ತನ್ನ ಮೊಬೈಲನ್ನು ಊಟದ ಮೇಜಿನ ಮೇಲಿಟ್ಟು ನನ್ನತ್ತ ಸರಿಸಿದ. ಒಂದು ತಿಂಗಳಲ್ಲಿ ಅವನು ತರಿಸಿ ತಿಂದದ್ದರ ಪಟ್ಟಿ ಅದರಲ್ಲಿತ್ತು. ಚಿಕನ್ ಬಿರಿಯಾನಿ, ಚಿಕನ್ ಬಿರಿಯಾನಿ, ಗೋಬಿ ಮಂಚೂರಿ, ಚೀಸ್ ಬರ್ಗರ್, ಮತ್ತೆ ಬಿರಿಯಾನಿ. ಮೂವತ್ತು ದಿನಕ್ಕೆ ಇಪ್ಪತ್ತೆರಡು ಆರ್ಡರ್. ಮುಕ್ಕಾಲು ಪಾಲು ರಾತ್ರಿ ಹತ್ತೂವರೆ ದಾಟಿದ ಮೇಲೆ ಬಂದಂಥವು. ಇಡೀ ಪಟ್ಟಿಯಲ್ಲಿ ತರಕಾರಿ ಅಂತ ಇದ್ದದ್ದು ಗೋಬಿ ಒಂದೇ; ಅದೂ ಮೈದಾ ಹೊದ್ದು, ಎಣ್ಣೆಯಲ್ಲಿ ಮುಳುಗಿ ಎದ್ದದ್ದು.

ಅವನಿಗೆ ಇಪ್ಪತ್ನಾಲ್ಕು ವರ್ಷ. ಊರು ಹಾಸನದ ಹತ್ತಿರ. ಬೆಂಗಳೂರಿನ ಬಿ.ಟಿ.ಎಂ. ಲೇಔಟ್‌ನ ಪಿ.ಜಿ.ಯಲ್ಲಿದ್ದುಕೊಂಡು ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಕಂಪನಿಯವರು ಮಾಡಿಸಿದ ವಾರ್ಷಿಕ ತಪಾಸಣೆಯ ವರದಿ ಕೈಗೆ ಬಂದಿತ್ತು. 150ರ ಒಳಗಿರಬೇಕಾದ ಟ್ರೈಗ್ಲಿಸರೈಡ್ 212. ಹೊಟ್ಟೆಯ ಸುತ್ತಳತೆ ಎರಡು ವರ್ಷದಲ್ಲಿ ಎರಡು ಪ್ಯಾಂಟು ದಾಟಿತ್ತು. "ಅಮ್ಮಂಗೆ ಹೇಳ್ಬೇಡ ಚಿಕ್ಕಮ್ಮ" ಅಂದ. ದಿನಾ ರಾತ್ರಿ ಒಂಬತ್ತಕ್ಕೆ ಅವನಮ್ಮ ಫೋನ್ ಮಾಡಿ "ಊಟ ಆಯ್ತೇನೋ?" ಅಂತ ಕೇಳುತ್ತಾಳೆ. ಅವನು "ಆಯ್ತಮ್ಮ" ಅನ್ನುತ್ತಾನೆ. ಎರಡು ವರ್ಷದಿಂದ ನಡೆದುಬಂದ ಸುಳ್ಳು ಅದು.

ಬೈಯುವ ಬದಲು ಒಂದು ಹಾಳೆ ಕೊಟ್ಟು, ಏನೇನು ತಿನ್ನಲ್ಲ, ಯಾಕೆ ತಿನ್ನಲ್ಲ ಎಂದು ಬರೆಯಲು ಹೇಳಿದೆ. ಅವನು ಬರೆದದ್ದು ಹೀಗಿತ್ತು: ಬೆಂಡೆಕಾಯಿ, ಲೋಳೆ. ಬದನೆಕಾಯಿ, ಒಳಗೆ ಪಿಚಪಿಚ. ಉಪ್ಪಿಟ್ಟು, ಕಾಂಕ್ರೀಟು. ಸಾರಿನಲ್ಲಿ ತೇಲುವ ಟೊಮೆಟೊ ಸಿಪ್ಪೆ, ಗಂಟಲಿಗೆ ಅಂಟುತ್ತೆ. ಸೊಪ್ಪಿನ ಪಲ್ಯ, ಹಲ್ಲಿಗೆ ನಾರು. ಹಾಗಲಕಾಯಿ, ಕಹಿ. ಮೂಲಂಗಿ, ವಾಸನೆ. ಏಳು ದೂರುಗಳಲ್ಲಿ ಐದು ರುಚಿಯ ಮೇಲಲ್ಲ, ಬಾಯಿಗೆ ಸಿಗುವ ಸ್ಪರ್ಶದ ಮೇಲೆ. ಮೂರು ತಿಂಗಳು ನಾವು ಮಾಡಿದ್ದೆಲ್ಲ ಹೊರಟದ್ದು ಈ ಹಾಳೆಯಿಂದ.

ಸಂಜೆ ಐದರ ಖಾಲಿ ಹೊಟ್ಟೆ

ಮೊದಲು ನೋಡಿದ್ದು ಅವನ ಗಡಿಯಾರ. ಪಿ.ಜಿ.ಯಲ್ಲಿ ತಿಂಡಿ ಏಳೂವರೆಯಿಂದ ಒಂಬತ್ತೂವರೆ. ಇವನು ಏಳುವುದೇ ಒಂಬತ್ತೂ ಮುಕ್ಕಾಲಿಗೆ. ಕಾಫಿ ಕುಡಿದು ಲ್ಯಾಪ್‌ಟಾಪ್ ತೆರೆದರೆ ಮಧ್ಯಾಹ್ನ ಎರಡರವರೆಗೆ ಮೀಟಿಂಗು. ಆಮೇಲೆ ಆಫೀಸಿನ ಕ್ಯಾಂಟೀನಿನಲ್ಲಿ ಅನ್ನ, ತಿಳಿಸಾರು, ಹಪ್ಪಳ. ಸಂಜೆ ಐದಕ್ಕೆ ಹಸಿವು ಎದ್ದರೆ ಟೀ ಮತ್ತು ಬಿಸ್ಕತ್ತು. ಎಂಟೂವರೆಯಿಂದ ಹತ್ತರವರೆಗೆ ಪಿ.ಜಿ. ಊಟದ ಹೊತ್ತು, ಅಷ್ಟರಲ್ಲಿ ಇವನಿನ್ನೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ಹತ್ತೂವರೆಗೆ ಕೋಣೆ ಸೇರಿದಾಗ ಹಸಿವು ಹಸಿವಾಗಿ ಉಳಿದಿರುವುದಿಲ್ಲ, ಸಿಟ್ಟಾಗಿರುತ್ತದೆ. ಆ ಹೊತ್ತಿನಲ್ಲಿ ಯಾರೂ ಕೋಸಂಬರಿ ಹುಡುಕುವುದಿಲ್ಲ.

ರಾತ್ರಿಯ ಬಿರಿಯಾನಿಗೆ ನಾಲಿಗೆಯ ಚಪಲ ಕಾರಣ ಎಂದು ಅವನು ನಂಬಿದ್ದ. ನನಗೆ ಕಂಡ ಕಾರಣ ಸಂಜೆ ಐದರ ಖಾಲಿ ಹೊಟ್ಟೆ. ಹಾಗಾಗಿ ಮೊದಲ ಎರಡು ವಾರ ಬಿರಿಯಾನಿಯ ಸುದ್ದಿಗೇ ಹೋಗಲಿಲ್ಲ. ಆಫೀಸ್ ಬ್ಯಾಗಿನಲ್ಲಿ ಒಂದು ಡಬ್ಬಿ ಹುರಿದ ಕಡಲೆಬೀಜ ಮತ್ತು ಹುರಿಗಡಲೆ, ಜೊತೆಗೆ ಎರಡು ಬಾಳೆಹಣ್ಣು. ಐದು ಗಂಟೆಗೆ ಮೊಬೈಲಿನಲ್ಲಿ ಅಲಾರಂ. ನೂರು ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಒಂದು ಹಿಡಿ ತಿಂದರೂ ಎರಡು ಮೂರು ತಾಸು ಹೊಟ್ಟೆ ತಡೆಯುತ್ತದೆ. ಅವನ ನಾಲಿಗೆಗೆ ಬೇಕಾದ ಕುರುಕಲೂ ಅದರಲ್ಲಿತ್ತು. ಎರಡನೇ ವಾರದ ಕೊನೆಗೆ ಅವನೇ ಹೇಳಿದ: "ರಾತ್ರಿ ಈಗ ಅರ್ಧ ಬಿರಿಯಾನಿ ಮಿಗುತ್ತೆ."

ನಡೆದು ಹೋಗುತ್ತಿದ್ದ ಊಟ, ನಡೆದು ಬರುವ ಊಟ

ಹೊರಗೆ ತಿನ್ನುವುದು ಬೆಂಗಳೂರಿಗೆ ಹೊಸದೇನಲ್ಲ. ಮಾವಳ್ಳಿ ಟಿಫನ್ ರೂಮ್ಸ್ 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದವು. ಓದಲು ಬಂದ ಹುಡುಗರ ಹೊಟ್ಟೆ ತುಂಬಿಸಿದ್ದನ್ನು ವಿದ್ಯಾರ್ಥಿ ಭವನ ಹೆಸರಿನಲ್ಲೇ ಇಟ್ಟುಕೊಂಡಿದೆ. 1980ರ ದಶಕದಲ್ಲಿ ಜಯನಗರದ ಕಡೆಯಿಂದ ದರ್ಶಿನಿಗಳು ಹಬ್ಬಿದವು: ನಿಂತು ತಿನ್ನು, ಬೇಗ ತಿನ್ನು, ಕಡಿಮೆ ದುಡ್ಡಿಗೆ ತಿನ್ನು. ಇವೆಲ್ಲಕ್ಕೂ ಎರಡು ಕಡಿವಾಣವಿತ್ತು. ಕಾಲು ನಡೆಸಬೇಕಿತ್ತು, ಬಾಗಿಲು ಹಾಕುವ ಹೊತ್ತಿಗೆ ಮುಂಚೆ ಹೋಗಬೇಕಿತ್ತು.

2014ರಲ್ಲಿ ಇದೇ ಊರಿನಲ್ಲಿ ಸ್ವಿಗ್ಗಿ ಹುಟ್ಟಿತು. ಹಸಿವಿಗೂ ತಿನಿಸಿಗೂ ನಡುವೆ ಇದ್ದ ಅಂತರ ಬೆರಳಿನ ಅಗಲಕ್ಕೆ ಇಳಿಯಿತು. ತಪ್ಪು ಆ್ಯಪಿನದು ಅನ್ನುವುದು ಸುಲಭ. ಅದೇ ಆ್ಯಪಿನಲ್ಲಿ ಇಡ್ಲಿಯೂ ಸಿಗುತ್ತದೆ, ಮೊಸರನ್ನವೂ ಸಿಗುತ್ತದೆ. ಆದರೆ ಹಸಿದವನ ಬೆರಳು ಹಿಂದೆ ಒತ್ತಿದ್ದನ್ನೇ ಮತ್ತೆ ಒತ್ತುತ್ತದೆ. ಹಸಿವಾದಾಗ ಯಾವುದು ಹತ್ತಿರವಿರುತ್ತದೋ ಅದೇ ನಮ್ಮ ಆಹಾರ ಪದ್ಧತಿ.

ಆದ್ದರಿಂದ ಎರಡನೇ ಕೆಲಸ, ಒಳ್ಳೆಯದನ್ನು ಹತ್ತಿರ ತರುವುದು. ಬಹಳಷ್ಟು ಪಿ.ಜಿ.ಗಳಲ್ಲಿ ಕೋಣೆಯಲ್ಲಿ ಸ್ಟವ್ ಇಡಲು ಬಿಡುವುದಿಲ್ಲ. ನೀರು ಕಾಯಿಸುವ ಕೆಟಲ್‌ಗೆ ಅವನ ಮಾಲೀಕರ ಅಡ್ಡಿ ಇರಲಿಲ್ಲ. ಕೆಟಲ್ಲಿನಲ್ಲಿ ಮೊಟ್ಟೆ ಬೇಯುತ್ತದೆ. ಕಾದ ನೀರಿಗೆ ರಾಗಿ ಹುರಿಹಿಟ್ಟು ಕಲಸಬಹುದು. ತೆಳು ಅವಲಕ್ಕಿ ತೊಳೆದು ಮೊಸರು, ಉಪ್ಪು, ಒಂದು ಚಮಚ ಉಪ್ಪಿನಕಾಯಿ ಹಾಕಿದರೆ ಮೂರು ನಿಮಿಷದ ಊಟ. ಸೌತೆಕಾಯಿಗೆ ಬೇಕಾಗುವುದು ಒಂದು ಚಾಕು. ನೂಡಲ್ಸ್ ಪೊಟ್ಟಣಗಳನ್ನು ಎಸೆಯಿಸಲಿಲ್ಲ. ಬೀರುವಿನ ಮೇಲಿನ ಸೂಟ್‌ಕೇಸಿನೊಳಗೆ ಇಡಿಸಿದೆ. ಇಳಿಸಿಕೊಳ್ಳಲು ಕುರ್ಚಿ ಹತ್ತಬೇಕು. ಅಷ್ಟೇ ಅಡ್ಡಿ ಸಾಕಾಯಿತು.

ನೂಡಲ್ಸ್, ಚಿಪ್ಸ್, ಬರ್ಗರ್‌ಗಳ ಸೆಳೆತ ಬರೀ ದುರ್ಬಲ ಮನಸ್ಸಿನ ಮಾತಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ಅಲ್ಲೇ ಇರಿಸಿಕೊಂಡು ಊಟ ಹಾಕಿದರು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸು, ಇನ್ನೆರಡು ವಾರ ಸಹಜ ಅಡುಗೆ. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಎಷ್ಟು ತಿನ್ನಬೇಕೆನ್ನುವುದು ಅವರವರ ಇಷ್ಟ. ಸಂಸ್ಕರಿಸಿದ ತಿನಿಸಿನ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಸರಾಸರಿ 0.9 ಕೆ.ಜಿ. ತೂಕ ಏರಿತು. ಸಹಜ ಅಡುಗೆಯ ವಾರಗಳಲ್ಲಿ ಅಷ್ಟೇ ಇಳಿಯಿತು. ಅಗಿಯುವ ಕೆಲಸ ಕಡಿಮೆಯಿದ್ದರೆ ಕೈ ಬೇಗ ಆಡುತ್ತದೆ. 'ಸಾಕು' ಎಂದು ಹೊಟ್ಟೆ ಹೇಳುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ.

ನಾಲಿಗೆಯ ಹಟಕ್ಕೆ ಕಾರಣ ಉಂಟು

ಊಟದಲ್ಲಿ ತಕರಾರು ಮಾಡುವವರಿಗೆ ನಮ್ಮಲ್ಲಿ ಸಿಗುವ ಬಿರುದು ಒಂದೇ: ಕೊಬ್ಬು. 'ಹಸಿದರೆ ತಾನೇ ತಿಂತಾನೆ' ಎಂಬುದು ಮನೆಮನೆಯ ಮದ್ದು. ಆದರೆ ಎರಡು ನಾಲಿಗೆಗಳು ಒಂದೇ ಅಲ್ಲ. 1931ರಲ್ಲಿ ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಪಿ.ಟಿ.ಸಿ. ಎಂಬ ಪುಡಿಯನ್ನು ಸುರಿಯುವಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದು ಗೊಣಗಿದ. ಪುಡಿಗೆ ಇನ್ನೂ ಹತ್ತಿರವಿದ್ದ ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಆ ಜಗಳದಿಂದಲೇ ಕಹಿಯನ್ನು ಗ್ರಹಿಸುವ ಶಕ್ತಿ ವಂಶದಿಂದ ಬರುತ್ತದೆಂಬ ಅರಿವು ಬೆಳೆಯಿತು. ಅದರ ಹಿಂದಿನ ಮುಖ್ಯ ವಂಶವಾಹಿ 2003ರಲ್ಲಿ ಗುರುತಾಯಿತು. ಎಲೆಕೋಸು, ಮೂಲಂಗಿಯಂಥ ತರಕಾರಿಗಳು ಕೆಲವರಿಗೆ ನಿಜಕ್ಕೂ ಹೆಚ್ಚು ಕಹಿಯಾಗಿ ಹತ್ತುತ್ತವೆ. ಅವರು ನಟಿಸುತ್ತಿಲ್ಲ.

ಬಲವಂತದಿಂದ ಏನಾಗುತ್ತದೆ? 2002ರಲ್ಲಿ ಅಮೆರಿಕದ ಸಂಶೋಧಕರು, ಬಾಲ್ಯದಲ್ಲಿ ದೊಡ್ಡವರ ಒತ್ತಾಯಕ್ಕೆ ಏನನ್ನಾದರೂ ತಿನ್ನಬೇಕಾಗಿ ಬಂದಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಮಾತಾಡಿಸಿದರು. ಆ ತಿನಿಸನ್ನು ಈಗಲೂ ಇಷ್ಟಪಟ್ಟು ತಿನ್ನುವುದಿಲ್ಲ ಎಂದವರು ಶೇ 72. ಇನ್ನೊಂದು ಕಡೆ, ಮಕ್ಕಳ ಊಟವನ್ನು ದಶಕಗಳ ಕಾಲ ಅಭ್ಯಸಿಸಿದ ಲಿಯಾನ್ ಬರ್ಚ್ ಮತ್ತಿತರರ ಕೆಲಸದಿಂದ ತಿಳಿದದ್ದು: ಹೊಸ ತಿನಿಸು ಒಪ್ಪಿಗೆಯಾಗಲು ಎಂಟರಿಂದ ಹದಿನೈದು ಬಾರಿ ಬಾಯಿಗೆ ಬೀಳಬೇಕಾದೀತು. ನಾವೋ, ಎರಡು ಸಲ ಬಡಿಸಿ, ಮೂರನೇ ಸಲಕ್ಕೆ 'ಇವನಿಗೆ ಸೇರಲ್ಲ' ಎಂದು ಷರಾ ಬರೆದುಬಿಡುತ್ತೇವೆ. ಇಪ್ಪತ್ನಾಲ್ಕರ ಹುಡುಗ ಆ ಷರಾವನ್ನೇ ತನ್ನ ಸ್ವಭಾವ ಎಂದು ನಂಬಿ ಓಡಾಡುತ್ತಾನೆ.

ಅಜ್ಜಿಯರಿಗೆ ಗೊತ್ತಿದ್ದ ಉಪಾಯ

ಅವನ ಹಾಳೆಯಲ್ಲಿ ಸೊಪ್ಪಿನ ಎದುರು 'ನಾರು' ಎಂದಿತ್ತು, 'ರುಚಿಯಿಲ್ಲ' ಎಂದಿರಲಿಲ್ಲ. ಅಲ್ಲಿ ನನಗೆ ನಮ್ಮಜ್ಜಿ ನೆನಪಾದಳು. ಹತ್ತು ಹನ್ನೆರಡು ಜನ ಉಣ್ಣುವ ಮನೆಯಲ್ಲಿ ತಕರಾರಿನವರು ಇದ್ದೇ ಇರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡುವ ಅನುಕೂಲ ಇರಲಿಲ್ಲ. ಹಾಗಾಗಿ ಒಂದೇ ಸೊಪ್ಪಿಗೆ ಬೇರೆ ಬೇರೆ ವೇಷ ಹಾಕುವುದನ್ನು ಕನ್ನಡದ ಅಡುಗೆಮನೆ ಕಲಿತಿತ್ತು.

ಬಸ್ಸಾರನ್ನೇ ನೋಡಿ. ಬೇಳೆ ಅಥವಾ ಕಾಳಿನ ಜೊತೆ ಸೊಪ್ಪು ಬೇಯಿಸಿ, ನೀರನ್ನು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು-ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪಲ್ಯ ಮುಟ್ಟದವನೂ ಸಾರು ಸುರಿದುಕೊಳ್ಳುತ್ತಾನೆ. ನೀರಿನಲ್ಲಿ ಕರಗುವ ಜೀವಸತ್ವಗಳ ಒಂದು ಪಾಲು ಆ ಕಟ್ಟಿನಲ್ಲೇ ಇರುತ್ತದೆ. ಮಸ್ಸೊಪ್ಪಿನಲ್ಲಿ ಸೊಪ್ಪು ಬೇಳೆಯೊಡನೆ ನುಣ್ಣಗಾಗಿ ನಾರಿನ ಸುಳಿವೇ ಇರುವುದಿಲ್ಲ. ಮಲೆನಾಡಿನ ತಂಬುಳಿಯಲ್ಲಿ ದೊಡ್ಡಪತ್ರೆ, ಒಂದೆಲಗ ಕಾಯಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಯಲ್ಲಿ ಕರಗುತ್ತವೆ. ಸಬ್ಬಸಿಗೆ ಅಕ್ಕಿ ರೊಟ್ಟಿಯೊಳಗೆ ಗರಿಗರಿಯಾಗುತ್ತದೆ. ನುಗ್ಗೆಸೊಪ್ಪು ರಾಗಿ ರೊಟ್ಟಿಯೊಳಗೆ ಸೇರುತ್ತದೆ. ಹಾಗಲಕಾಯಿಯ ಕಹಿಯನ್ನು ಗೊಜ್ಜಿನಲ್ಲಿ ಹುಣಸೆ, ಬೆಲ್ಲ, ಉಪ್ಪು ಮೂವರೂ ಸೇರಿ ಹಿಡಿದಿಡುತ್ತಾರೆ. ಉಪ್ಪು ಕಹಿಯನ್ನು ಕುಗ್ಗಿಸುತ್ತದೆ ಎಂದು ರುಚಿಯ ವಿಜ್ಞಾನ ಈಗ ಹೇಳುವುದನ್ನು ಅಜ್ಜಿಯ ಕೈಯಳತೆ ಎಂದೋ ಒಪ್ಪಿತ್ತು.

ಪಿ.ಜಿ. ಅಡುಗೆಮನೆಗಳು ಕಳೆದುಕೊಂಡದ್ದು ಈ ವೇಷಗಳನ್ನು. ಐವತ್ತು ಜನಕ್ಕೆ ಒಬ್ಬ ಭಟ್ಟ ಬೇಯಿಸುವಾಗ ತರಕಾರಿಗೆ ಉಳಿಯುವ ರೂಪ ಒಂದೇ, ಹದ ಮೀರಿ ಬೆಂದದ್ದು. ಅದನ್ನು ಬೇಡ ಅನ್ನುವ ಹುಡುಗ ತರಕಾರಿಯನ್ನೇ ಬೇಡ ಅನ್ನುತ್ತಿದ್ದಾನೆಂದು ನಾವು ತಪ್ಪು ತಿಳಿಯುತ್ತೇವೆ.

ಭಾನುವಾರ ಅವನು ನಮ್ಮ ಮನೆಗೆ ಬರತೊಡಗಿದ. ಮೊದಲ ವಾರ ಸಬ್ಬಸಿಗೆ ಹಾಕಿದ ಅಕ್ಕಿ ರೊಟ್ಟಿ, ಅಂಚು ಕೆಂಪಗಾಗುವವರೆಗೆ. ಎರಡನೇ ವಾರ ಬೆಂಡೆಕಾಯಿಯನ್ನು ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಉದ್ದಕ್ಕೆ ಸೀಳಿ, ಅಗಲ ಬಾಣಲೆಯಲ್ಲಿ ಮುಚ್ಚಳ ಹಾಕದೆ ಹುರಿದೆ. ನೀರಿನ ಅಂಶ ಹೋದರೆ ಲೋಳೆಯೂ ಹೋಗುತ್ತದೆ. ಮೂರನೇ ವಾರ ಮಸ್ಸೊಪ್ಪು. ಏನದು ಎಂದು ಕೇಳಿದ. ಮುಚ್ಚಿಡದೆ ಹೇಳಿದೆ, ಸೊಪ್ಪು ಅಂತ. ವೇಷ ಹಾಕುವುದು ಬೇರೆ, ಮೋಸ ಮಾಡುವುದು ಬೇರೆ. ಗೊತ್ತಿಲ್ಲದೆ ತಿಂದವನ ನಾಲಿಗೆ ಏನನ್ನೂ ಕಲಿಯುವುದಿಲ್ಲ. ಒಂದು ತುತ್ತು ಉಂಡು, "ನಾರು ಇಲ್ವಲ್ಲ" ಅಂದ. ಮಿಕ್ಕದ್ದನ್ನು ಡಬ್ಬಿಗೆ ಹಾಕಿಕೊಂಡು ಪಿ.ಜಿ. ಫ್ರಿಜ್ಜಿಗೆ ಒಯ್ದ.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗೆ ಹೊಸ ಆಹಾರ ಸೂಚನೆಗಳನ್ನು ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿ ಬೇಕಾಗುವವರ ತಟ್ಟೆಯಲ್ಲಿ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮಾಂಸ, 35 ಗ್ರಾಂ ಬೀಜಗಳು, 300 ಮಿಲಿ ಹಾಲು-ಮೊಸರು, 27 ಗ್ರಾಂ ಎಣ್ಣೆ-ಕೊಬ್ಬು. ಧಾನ್ಯದಿಂದ ಬರುವ ಶಕ್ತಿ ಶೇ 45 ಮೀರದಿರಲಿ ಎಂಬುದು ಸಲಹೆ. ನಮ್ಮ ತಟ್ಟೆಗಳಲ್ಲಿ ಅದು ಶೇ 50ರಿಂದ 70.

ಈ ಲೆಕ್ಕವನ್ನು ಪಿ.ಜಿ. ತಟ್ಟೆಯ ಪಕ್ಕ ಇಡಿ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಬೇಳೆ ಸಾರಿನಲ್ಲಿ ಬೇಳೆ ಹುಡುಕಬೇಕು. ಟ್ರೈಗ್ಲಿಸರೈಡ್ ಏರುವುದಕ್ಕೆ ಎಣ್ಣೆಯೇ ಬೇಕಿಲ್ಲ. ಮೈದಾ, ಬಿಳಿ ಅನ್ನ, ಸಿಹಿ ಪಾನೀಯಗಳೂ ಸಾಕು. ಅವನಿಗೆ ಹೇಳಿದ್ದು ಒಂದೇ ಮಾತು: ಅನ್ನ ಬಿಡಬೇಡ, ಅನ್ನದ ಜೊತೆ ಇಲ್ಲದಿರುವುದನ್ನು ಸೇರಿಸು. ಒಂದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಕಪ್ ಮೊಸರು, ಒಂದು ಹಿಡಿ ಬೀಜ ಸೇರಿದರೆ ಅದೇ ಪಿ.ಜಿ. ಊಟ ಬೇರೆಯೇ ಆಗುತ್ತದೆ. ಮೊಟ್ಟೆ ತಿನ್ನದವರಿಗೆ ಮೊಳಕೆ ಹೆಸರುಕಾಳು, ಉಸಲಿ ಇವೆ.

ಅವನ ಪಿ.ಜಿ.ಯ ಎದುರು ಕಟ್ಟಡದಲ್ಲಿ ಹೆಣ್ಣುಮಕ್ಕಳ ಪಿ.ಜಿ. ಇದೆ. ಅಲ್ಲಿಯ ಲೆಕ್ಕ ಇನ್ನೂ ಕಠಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ ಹೆಂಗಸಿಗೆ 29. ಸೊಪ್ಪು-ಕಾಳುಗಳ ಕಬ್ಬಿಣ ಮೈಗೆ ಹತ್ತಲು ಹುಳಿ ನೆರವಾಗುತ್ತದೆ, ಟೀ-ಕಾಫಿ ಅಡ್ಡಬರುತ್ತದೆ. ಕೋಸಂಬರಿಗೆ ನಿಂಬೆ ಹಿಂಡುವ ಪದ್ಧತಿ ಉಳಿಯಲಿ. ಊಟ ಮುಗಿದ ಕೂಡಲೇ ಟೀ ಕುಡಿಯುವುದು ಒಂದು ತಾಸು ಮುಂದೆ ಹೋಗಲಿ. ಇದಕ್ಕೆ ನಯಾಪೈಸೆ ಖರ್ಚಿಲ್ಲ.

ಖರ್ಚಿನ ಮಾತು ಬಂದದ್ದರಿಂದ ಹೇಳುತ್ತೇನೆ. ಒಳ್ಳೆಯ ಊಟಕ್ಕೆ ಆವಕಾಡೊ, ಪ್ರೋಟೀನ್ ಡಬ್ಬಿ, ವಿದೇಶಿ ಬೀಜಗಳು ಬೇಕೆಂಬ ಭ್ರಮೆಯನ್ನು ಮೊಬೈಲಿನ ರೀಲ್‌ಗಳು ಹಬ್ಬಿಸಿವೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರವೂ ಬರುವುದಿಲ್ಲ. ಹಾಪ್‌ಕಾಮ್ಸ್ ಮಳಿಗೆಯ ಸೀಬೆ, ಪಪ್ಪಾಯಿ, ಬಾಳೆ ಸಾಲದೇ? ಅವನ ವಾರದ ಹಣ್ಣು, ಮೊಟ್ಟೆ, ಕಡಲೆಬೀಜದ ಖರ್ಚು ಎರಡು ಬಿರಿಯಾನಿಯ ಬಿಲ್ಲಿಗೂ ಕಡಿಮೆ ಬಂತು.

ಅರವತ್ತಾರು ದಿನ

ನಾಲ್ಕನೇ ವಾರ ಎಲ್ಲ ತಪ್ಪಿತು. ಕೆಲಸದಲ್ಲಿ ರಿಲೀಸ್ ಇತ್ತು, ಮೂರು ದಿನ ಮಧ್ಯರಾತ್ರಿ ದಾಟಿತು, ಸೂಟ್‌ಕೇಸ್ ಕೆಳಗಿಳಿಯಿತು. "ನನ್ನ ಕೈಲಾಗಲ್ಲ ಚಿಕ್ಕಮ್ಮ" ಎಂದು ಫೋನ್ ಮಾಡಿದ. ಅವನಿಗೆ ಲಂಡನ್ನಿನ ಒಂದು ಅಧ್ಯಯನದ ಕಥೆ ಹೇಳಿದೆ. ಅಲ್ಲಿಯ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರಿಗೆ ದಿನಾ ಒಂದು ಸಣ್ಣ ಹೊಸ ಕೆಲಸ ಆರಿಸಿಕೊಳ್ಳಲು ಹೇಳಿದರು. ಊಟದ ಜೊತೆ ಒಂದು ಹಣ್ಣು ತಿನ್ನುವಂಥದ್ದು. ಅದು ಯೋಚನೆಯಿಲ್ಲದೆ ನಡೆಯುವ ರೂಢಿಯಾಗಲು ನಡುಮಟ್ಟದಲ್ಲಿ ಹಿಡಿದದ್ದು 66 ದಿನ. ಕೆಲವರಿಗೆ 18, ಕೆಲವರಿಗೆ 254. ಒಂದು ದಿನ ತಪ್ಪಿದ್ದರಿಂದ ಕಟ್ಟಿದ್ದು ಕುಸಿಯಲಿಲ್ಲ ಎಂಬುದೂ ಅದರಲ್ಲಿ ಕಂಡಿತ್ತು. ಇಪ್ಪತ್ತೊಂದು ದಿನದ ಪವಾಡದ ಮಾತನ್ನು ನಂಬಿ ಇಪ್ಪತ್ತೆರಡನೇ ದಿನ ಕೈಚೆಲ್ಲಿದವರು ಎಷ್ಟೋ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕೆಲವರ ತಕರಾರು ತಕರಾರಿಗಿಂತ ಆಳವಾದದ್ದು. ನಾಲ್ಕೈದು ತಿನಿಸು ಬಿಟ್ಟು ಬೇರೇನೂ ಇಳಿಯದಿರುವುದು, ತೂಕ ಸೋರುವುದು, ನುಂಗಲು ಭಯ, ನಾಲ್ಕು ಜನರ ಜೊತೆ ಉಣ್ಣಲೇ ಆಗದಿರುವುದು; ಇಂಥ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಬೇರೆಯೇ ಒಂದು ಕಾಯಿಲೆಯಾಗಿ ಪಟ್ಟಿಗೆ ಸೇರಿಸಿತು. ಅದು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಬರುತ್ತದೆ. ಅಲ್ಲಿ ಅಕ್ಕಿ ರೊಟ್ಟಿ ಸಾಲದು, ವೈದ್ಯರು ಬೇಕು.

ಮೂರು ತಿಂಗಳ ಮೇಲೆ ಅವನು ಮತ್ತೆ ರಕ್ತ ಪರೀಕ್ಷೆ ಮಾಡಿಸಿದ. ಟ್ರೈಗ್ಲಿಸರೈಡ್ 168. ಇನ್ನೂ ಇಳಿಯಬೇಕು. ತಿಂಗಳ ಆರ್ಡರ್ ಇಪ್ಪತ್ತೆರಡರಿಂದ ಒಂಬತ್ತಕ್ಕೆ ಬಂದಿದೆ. ಬಿರಿಯಾನಿ ಈಗ ಶನಿವಾರದ ಮಾತು. ಬೆಂಡೆಕಾಯಿ ಹುರಿದರೆ ತಿನ್ನುತ್ತಾನೆ, ಸೊಪ್ಪನ್ನು ಸಾರಿನಲ್ಲಿ ಒಪ್ಪಿಕೊಂಡಿದ್ದಾನೆ. ಬದನೆಕಾಯಿ ಮುಟ್ಟುವುದಿಲ್ಲ. ಮುಟ್ಟದಿದ್ದರೆ ನಷ್ಟವೇನೂ ಇಲ್ಲ; ಮಾರುಕಟ್ಟೆಯಲ್ಲಿ ಬೇರೆ ತರಕಾರಿಗಳಿವೆ.

ಊರಿನಲ್ಲಿ ಕೂತು ಮಕ್ಕಳಿಗೆ ಫೋನ್ ಮಾಡುವ ತಾಯಂದಿರಲ್ಲಿ ಒಂದು ಕೋರಿಕೆ. 'ಊಟ ಆಯ್ತಾ?' ಎಂಬ ಪ್ರಶ್ನೆಗೆ 'ಆಯ್ತು' ಎಂದು ಸುಳ್ಳು ಹೇಳುವುದು ಬಹಳ ಸುಲಭ. ಇವತ್ತು ರಾತ್ರಿ ಇನ್ನೊಂದನ್ನು ಕೇಳಿ ನೋಡಿ: 'ಸಂಜೆ ಐದಕ್ಕೆ ಏನು ತಿಂದೆ?'